ಗಣಕಯಂತ್ರದ ಪಾಟಿಯನ್ನು ಒರೆಸಿದ ಇತಿಹಾಸ

ಕಳೆದ ಚಳಿಗಾಲದ ಒಂದು ಭಾನುವಾರ ಸಂಘದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ, ನಮ್ಮ ಮಿತ್ರರೊಬ್ಬರ ಮಗಳು ಹತ್ತಿರ ಬಂದು ಸ್ವಲ್ಪ ಮುನಿಸಿನಿಂದಲೇ ಹೇಳಿದಳು: "ಕಾಕಾ, ನೀವು ಹೇಳಿಕೊಟ್ಟ ಆ ಮೊದಲನೇ ಸಾಲು ಸಿ ಭಾಷಾದಾಗ ಇಲ್ಲವೇ ಇಲ್ಲಂತ. ಕಾಲೇಜಿನ ಲ್ಯಾಬಿನಾಗ ಪ್ರೋಗ್ರಾಮು ನಡೀಲೇ ಇಲ್ಲ. ಎಲ್ಲಾರ ಮುಂದ ಬೈಸಿಕೊಂಡೆ."

ಹುಡುಗಿ ಇಲ್ಲಿಯ ಒಂದು ಕಾಲೇಜಿನಲ್ಲಿ ಈಗಷ್ಟೇ ಗಣಕ ವಿಜ್ಞಾನದ ವ್ಯಾಸಂಗಕ್ಕೆ ಸೇರಿದ್ದಾಳೆ. 'ನಿಮ್ಮ ಕಾಕಾ ಬಿ.ಎಸ್ಸಿ. ಓದಿದವರು, ಸಿ ಭಾಷೆ ಕಲಿತವರು, ಅವರನ್ನೇ ಕೇಳು' ಎಂದು ಅವಳ ತಂದೆ ನಮ್ಮ ಬಳಿಗೆ ಕಳುಹಿಸಿದ್ದರು. ನಾವೂ ಉತ್ಸಾಹದಿಂದ ಒಂದು ಸಂಜೆ ಕುಳಿತು ಪಾಠ ಹೇಳಿದ್ದೆವು. ಪ್ರೋಗ್ರಾಮಿನ ಆರಂಭದಲ್ಲಿ ಪರದೆಯನ್ನು ಒರೆಸಿ ಶುದ್ಧ ಮಾಡುವ ಸಾಲೊಂದನ್ನು ಬರೆಯಬೇಕು ಎಂದು ಹೇಳಿಕೊಟ್ಟವರು ನಾವೇ. ಇಂಗ್ಲಿಷಿನ 'ಕ್ಲಿಯರ್ ಸ್ಕ್ರೀನ್' ಎಂಬುದನ್ನು ಸಿ-ಎಲ್-ಆರ್-ಎಸ್-ಸಿ-ಆರ್ ಎಂಬ ಆರು ಅಕ್ಷರಗಳಿಗೆ ಮೊಟಕು ಮಾಡಿ, ಮುಂದೆ ಎರಡು ಆವರಣ ಚಿಹ್ನೆ ಹಾಕಿದರೆ ಆಯಿತು. ಅದಿಲ್ಲದ ಸಿ ಪ್ರೋಗ್ರಾಮು ಕುಂಕುಮವಿಲ್ಲದ ಪೂಜೆಯೆಂದೇ ನಾವು ಇಪ್ಪತ್ತು ವರ್ಷಗಳಿಂದ ನಂಬಿದ್ದೆವು. ನಮ್ಮ ನಂಬಿಕೆಗೆ ಬೈಗುಳ ತಿಂದದ್ದು ಮಾತ್ರ ಆ ಮಗು.

ತಪ್ಪು ನಮ್ಮದಾದ ಮೇಲೆ ಅದರ ಮೂಲವನ್ನು ಹುಡುಕುವ ಹೊಣೆಯೂ ನಮ್ಮದೇ. ಹುಡುಕಿದಾಗ ತಿಳಿದುಬಂದದ್ದನ್ನು ವಾಚಕರ ಮುಂದಿಡುತ್ತಿದ್ದೇವೆ. ಗಣಕಯಂತ್ರದ ಗಂಧವಿಲ್ಲದವರೂ ಇದನ್ನು ಓದಬಹುದು. ಪಾಟಿಯ ಮೇಲೆ ಬಳಪದಿಂದ ಬರೆದು ಒರೆಸಿದವರಿಗೆಲ್ಲ ಈ ವಿಷಯ ಅರ್ಥವಾಗುತ್ತದೆ.

ಪರದೆಯಿಲ್ಲದ ಕಾಲ

ಗಣಕಯಂತ್ರದ ಇತಿಹಾಸ ಹೇಳಲು ನಾವು ಅಮೆರಿಕಕ್ಕೇ ಮೊದಲು ಹೋಗಬೇಕಾಗಿಲ್ಲ. ಶ್ಯಾಮಬಜಾರಿನಿಂದ ಉತ್ತರಕ್ಕೆ ಬ್ಯಾರಕ್‌ಪುರ ಟ್ರಂಕ್ ರಸ್ತೆ ಹಿಡಿದು ಹೋದರೆ ಬರಾನಗರದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸಿಗುತ್ತದೆ. ಪ್ರಶಾಂತಚಂದ್ರ ಮಹಾಲನೋಬಿಸರು 1931ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಸಮರೇಂದ್ರ ಕುಮಾರ ಮಿತ್ರ ಎಂಬ ವಿಜ್ಞಾನಿ 1953ರಲ್ಲಿ ಹತ್ತು ಅಜ್ಞಾತ ಪದಗಳುಳ್ಳ ಸಮೀಕರಣಗಳನ್ನು ಬಿಡಿಸಬಲ್ಲ ಅನಲಾಗ್ ಯಂತ್ರವೊಂದನ್ನು ಕಟ್ಟಿದರು. 1956ರಲ್ಲಿ ಇಂಗ್ಲೆಂಡಿನಿಂದ ತರಿಸಿದ ಎಚ್.ಇ.ಸಿ.-2ಎಂ ಎಂಬ ಯಂತ್ರ ಇಲ್ಲಿ ಕೆಲಸ ಆರಂಭಿಸಿತು. ಅದು ಭಾರತ ನೆಲದ ಮೊದಲ ಡಿಜಿಟಲ್ ಗಣಕಯಂತ್ರ. ಅದರ ಸ್ಮರಣಶಕ್ತಿ ಸುತ್ತುವ ಒಂದು ಉರುಳೆಯ ಮೇಲಿನ 1024 ಪದಗಳು, ಅಷ್ಟೆ. ಅನಂತರ ಸೋವಿಯತ್ ದೇಶದ 'ಉರಾಲ್' ಬಂದಿತು. 1966ರಲ್ಲಿ ಈ ಸಂಸ್ಥೆಯೂ ಜಾದವಪುರ ವಿಶ್ವವಿದ್ಯಾಲಯವೂ ಕೂಡಿ ಟ್ರಾನ್ಸಿಸ್ಟರುಗಳಿಂದ ಕಟ್ಟಿದ ಐ.ಎಸ್.ಐ.ಜೆ.ಯು.-1 ಸಿದ್ಧವಾಯಿತು. ನಾವು ದಿನವೂ ಟ್ರಾಮಿನಲ್ಲಿ ತೂಗಾಡುವ ಈ ನಗರಕ್ಕೆ ಇಂಥ ಹಿರಿಮೆ ಇದೆಯೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು.

ಆ ಕಾಲದ ಯಂತ್ರಗಳಿಗೆ ಲೆಕ್ಕ ಹೋಗುತ್ತಿದ್ದುದು ತೂತು ಕೊರೆದ ಕಾರ್ಡುಗಳಲ್ಲಿ ಅಥವಾ ಪಟ್ಟಿಗಳಲ್ಲಿ. ಉತ್ತರ ಬರುತ್ತಿದ್ದುದು ಕಾರ್ಡಿನಲ್ಲಿ ಅಥವಾ ಕಾಗದದ ಮೇಲೆ. ಇಂದಿನ ಟಿ.ವಿ.ಯಂಥ ಪರದೆಯ ಮುಂದೆ ಕುಳಿತು ಯಂತ್ರದೊಡನೆ ಸಂಭಾಷಣೆ ನಡೆಸುವ ಪದ್ಧತಿಯೇ ಇರಲಿಲ್ಲ. ಒರೆಸಲು ಪಾಟಿಯೇ ಇಲ್ಲದ ಮೇಲೆ ಒರೆಸುವ ಮಾತೆಲ್ಲಿ ಬಂತು?

ಆದರೆ 'ಕ್ಲಿಯರ್' ಎಂಬ ಮಾತು ಮಾತ್ರ ಆಗಲೂ ಇತ್ತು. ಅಂದಿನ ಸಂಖ್ಯಾಶಾಸ್ತ್ರಜ್ಞರ ಮೇಜಿನ ಮೇಲೆ ಕೈಯಿಂದ ಹಿಡಿಕೆ ತಿರುಗಿಸಿ ಗುಣಿಸುವ ಫೇಸಿಟ್ ಮೊದಲಾದ ಲೆಕ್ಕದ ಯಂತ್ರಗಳಿರುತ್ತಿದ್ದವು. ಅವುಗಳಲ್ಲಿ ಕ್ಲಿಯರ್ ಮಾಡುವ ಸನ್ನೆಯನ್ನು ಎಳೆದರೆ ಕಿಂಡಿಯಲ್ಲಿ ಕಾಣುವ ಅಂಕಿಗಳೆಲ್ಲ ಸೊನ್ನೆಗೆ ಬರುತ್ತಿದ್ದವು. ಅಲ್ಲಿ ಕಾಣುವ ಅಂಕಿಯೇ ಯಂತ್ರದೊಳಗಿನ ಅಂಕಿ. ಕಾಗದದಲ್ಲಿ ಬರೆದುಕೊಳ್ಳದೆ ಸನ್ನೆ ಎಳೆದರೆ ಬೆಳಗಿನಿಂದ ಮಾಡಿದ ಲೆಕ್ಕ ಹೋದಂತೆಯೇ. ಈ ಹಳೆಯ ಅರ್ಥವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ಗೊಂದಲ ಹುಟ್ಟುತ್ತದೆ.

ಮತ್ತೊಂದು ಬಗೆಯ ಅಳಿಸಿಹೋಗುವ ಭಯವೂ ಈ ನಗರಕ್ಕೆ ಹೊಸದಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಜೀವ ವಿಮಾ ನಿಗಮದ ನೌಕರರು ಗಣಕಯಂತ್ರ ಬಂದರೆ ತಮ್ಮ ಕೆಲಸ ಹೋಗುತ್ತದೆಂದು ಇಲ್ಲಿಯ ಇಲಾಕೋ ಹೌಸ್ ಎದುರು ಹಗಲಿರುಳು ಕಾವಲು ಕುಳಿತಿದ್ದರು. ನಾವೂ ಗುಮಾಸ್ತರೇ, ಅವರ ಭಯವನ್ನು ನಗೆಯಾಡಲು ನಮಗೆ ಮನಸ್ಸಿಲ್ಲ.

ಕಾಗದದ ಮೇಲೆ ಹುಟ್ಟಿದ ಭಾಷೆ

ಈಗ ಸಿ ಭಾಷೆಗೆ ಬರೋಣ. ಇದನ್ನು ರಚಿಸಿದವರು ಅಮೆರಿಕದ ಬೆಲ್ ಪ್ರಯೋಗಶಾಲೆಯ ಡೆನಿಸ್ ರಿಚಿ. ಕಾಲ 1972ರ ಸುಮಾರು. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು 1973ರಲ್ಲಿ ಈ ಭಾಷೆಯಲ್ಲೇ ತಿರುಗಿ ಬರೆಯಲಾಯಿತು. ಆಗ ಅವರು ಯಂತ್ರದೊಡನೆ ಮಾತಾಡುತ್ತಿದ್ದುದು ಬಹುಮಟ್ಟಿಗೆ ಟೆಲಿಟೈಪಿನ ಮೂಲಕ. ಡಾಲ್‌ಹೌಸಿ ಚೌಕದ ತಂತಿ ಕಚೇರಿಯಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋದ್ದರಿಂದ ಕಿರಿಯರಿಗೆ ಹೇಳುವುದಾದರೆ, ಅದು ದೂರದಿಂದ ಬಂದ ಸಂಕೇತಗಳನ್ನು ಅನುಸರಿಸಿ ತಾನೇ ಟೈಪು ಮಾಡುವ ಟೈಪ್‌ರೈಟರು. ಅಂದು ಬಹಳ ಬಳಕೆಯಲ್ಲಿದ್ದ 33ನೆಯ ಮಾದರಿಯ ಟೆಲಿಟೈಪು ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುತ್ತಿತ್ತು.

ಆದ್ದರಿಂದಲೇ ಸಿ ಭಾಷೆಯಲ್ಲಿ ಉತ್ತರ ತೋರಿಸುವ ಆಜ್ಞೆಯ ಹೆಸರು 'ತೋರಿಸು' ಎಂದಲ್ಲ, 'ಪ್ರಿಂಟ್‌ಎಫ್' ಎಂದು. ಅರ್ಥಾತ್ 'ಅಚ್ಚು ಮಾಡು'. ಹೈಕೋರ್ಟಿನ ಆಸುಪಾಸಿನಲ್ಲಿ ಅರ್ಜಿ ಟೈಪು ಮಾಡಿಕೊಡುವವರ ಯಂತ್ರದಲ್ಲಿರುವ ಚಲನೆಗಳೆಲ್ಲ ಈ ಭಾಷೆಯಲ್ಲಿ ಸಂಕೇತಗಳಾಗಿ ಕುಳಿತಿವೆ. ಸಾಲಿನ ಆರಂಭಕ್ಕೆ ಗಾಡಿಯನ್ನು ತಳ್ಳುವುದಕ್ಕೆ 13ನೆಯ ಸಂಕೇತ. ಕಾಗದವನ್ನು ಒಂದು ಸಾಲು ಮೇಲೇರಿಸಲು 10ನೆಯದು. ಗಂಟೆ ಬಾರಿಸಲು 7ನೆಯದು. ಈ ಹಾಳೆ ಸಾಕು, ಹೊಸ ಹಾಳೆ ತೆಗೆ ಎನ್ನಲು 12ನೆಯದು. ಕೊನೆಯದಕ್ಕೆ 'ಫಾರಂ ಫೀಡ್' ಎಂದು ಹೆಸರು. ಪರದೆ ಒರೆಸುವ ಕ್ರಿಯೆಗೆ ಸಿ ಭಾಷೆಯಲ್ಲಿ ಅತ್ಯಂತ ಸಮೀಪದ ಬಂಧು ಇದೇ. ಆದರೆ ಹೊಸ ಹಾಳೆ ತೆಗೆದವನು ಹಳೆಯ ಹಾಳೆಯನ್ನು ಅಳಿಸಿದಂತಾಗಲಿಲ್ಲ. ಅದು ಮೇಜಿನ ಮೇಲೆಯೇ ಇರುತ್ತದೆ. ಟೈಪಾದದ್ದನ್ನು ಮರಳಿ ಬಿಳುಪು ಮಾಡುವ ವಿದ್ಯೆ ಟೆಲಿಟೈಪಿಗೆ ಇರಲಿಲ್ಲ. ಅದರೊಡನೆ ಬೆಳೆದ ಭಾಷೆಗೂ ಬರಲಿಲ್ಲ.

ಗಾಜಿನ ಟೆಲಿಟೈಪು

1970ರ ದಶಕದಲ್ಲಿ ಕಾಗದದ ಸ್ಥಾನಕ್ಕೆ ಗಾಜಿನ ಪರದೆ ಬಂದಿತು. ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 24 ಸಾಲು ಎಂಬ ಅಳತೆ ರೂಢಿಯಾಯಿತು. ಈ 80 ಎಂಬ ಸಂಖ್ಯೆ ಐ.ಬಿ.ಎಂ. ಕಂಪನಿ 1928ರಲ್ಲಿ ತಂದ ತೂತು ಕಾರ್ಡಿನ 80 ಕಂಬಸಾಲುಗಳಿಂದ ಬಂದ ಬಳುವಳಿ. ಕಾರ್ಡು ಸತ್ತರೂ ಅದರ ಅಗಲ ಪರದೆಯಲ್ಲಿ ಬದುಕಿತು.

ಹೊಸ ಪರದೆಯಲ್ಲಿ ಒಂದು ಹೊಸ ಸಮಸ್ಯೆ ಎದ್ದಿತು. ಪರದೆಯಲ್ಲಿ 80 ಗುಣಿಸು 24, ಅಂದರೆ 1920 ಮನೆಗಳು. ಅವನ್ನು ಶುದ್ಧ ಮಾಡಲು ಒಂದೊಂದು ಮನೆಗೂ ಒಂದೊಂದು ಖಾಲಿ ಅಕ್ಷರ ಕಳುಹಿಸುತ್ತ ಹೋದರೆ, ಸೆಕೆಂಡಿಗೆ 30 ಅಕ್ಷರ ಸಾಗಿಸುವ ಅಂದಿನ ಟೆಲಿಫೋನ್ ತಂತಿಯಲ್ಲಿ 64 ಸೆಕೆಂಡು ಹಿಡಿಯುತ್ತದೆ. ಪಾಟಿ ಒರೆಸಲು ಒಂದು ನಿಮಿಷ! ಆದ್ದರಿಂದ ಪರದೆ ತಯಾರಿಸುವವರು, ಒಂದೆರಡು ಅಕ್ಷರಗಳ ಗುಪ್ತಸಂಕೇತ ಬಂದೊಡನೆ ಪರದೆ ತನ್ನನ್ನು ತಾನೇ ಒರೆಸಿಕೊಳ್ಳುವಂತೆ ಏರ್ಪಾಡು ಮಾಡಿದರು.

ಏರ್ಪಾಡೇನೋ ಜಾಣತನದ್ದು. ಆದರೆ ಒಬ್ಬೊಬ್ಬರ ಗುಪ್ತಸಂಕೇತ ಒಂದೊಂದು ಬಗೆ. 1976ರಲ್ಲಿ ಬಂದ ಎ.ಡಿ.ಎಂ.-3ಎ ಎಂಬ ಅಗ್ಗದ ಪರದೆಗೆ 26ನೆಯ ಸಂಕೇತವೊಂದನ್ನು ಕಳುಹಿಸಿದರೆ ಸಾಕಾಗಿತ್ತು. ಡಿಜಿಟಲ್ ಕಂಪನಿಯ ವಿ.ಟಿ.-52ಕ್ಕೆ 'ಎಸ್ಕೇಪ್' ಎಂಬ 27ನೆಯ ಸಂಕೇತದ ಬೆನ್ನಿಗೆ ಎಚ್ ಅಕ್ಷರ, ತಿರುಗಿ ಎಸ್ಕೇಪಿನ ಬೆನ್ನಿಗೆ ಜೆ ಅಕ್ಷರ ಬೇಕಾಗಿತ್ತು. ಮೊದಲನೆಯದು ಮೇಲಿನ ಎಡ ಮೂಲೆಗೆ ಹೋಗಲು, ಎರಡನೆಯದು ಅಲ್ಲಿಂದ ಕೆಳಗೆಲ್ಲ ಒರೆಸಲು. ಬೇರೆ ಕಂಪನಿಯ ಪರದೆಗೆ ಈ ಸಂಕೇತ ಕಳುಹಿಸಿದರೆ ಅದು ಒರೆಸುವ ಬದಲು ಏನೋ ಒಂದು ಅಪಲಾಪ ಬರೆದು ಕೂರುತ್ತಿತ್ತು.

ಈ ತೊಡಕಿಗೆ ಎರಡು ದಾರಿಗಳು ಕಂಡವು. ಒಂದು ನಿಘಂಟಿನ ದಾರಿ. ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಎಂಬ ತರುಣ 1970ರ ದಶಕದ ಕೊನೆಯಲ್ಲಿ 'ಟರ್ಮ್‌ಕ್ಯಾಪ್' ಎಂಬ ಕೋಶವನ್ನು ಸಿದ್ಧಪಡಿಸಿದ. ಯಾವ ಪರದೆಗೆ ಯಾವ ಸಂಕೇತ ಎಂದು ಅದರಲ್ಲಿ ನೋಡಿಕೊಂಡು ಪ್ರೋಗ್ರಾಮು ಮಾತಾಡಬೇಕು. ಇನ್ನೊಂದು ಎಲ್ಲರಿಗೂ ಒಂದೇ ಸಂಕೇತವೆಂಬ ದಾರಿ. ಯುರೋಪಿನ ಗಣಕಯಂತ್ರ ತಯಾರಕರ ಸಂಘ 1976ರಲ್ಲಿ ಒಂದು ಸಮಾನ ನಿಯಮಾವಳಿ ಹೊರಡಿಸಿತು. 1979ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೂ ಅಂಥದೇ ನಿಯಮವನ್ನು ಒಪ್ಪಿತು. ಅದರಂತೆ ಇಡೀ ಪರದೆ ಒರೆಸಲು ಎಸ್ಕೇಪ್, ಚೌಕ ಆವರಣದ ಎಡ ಚಿಹ್ನೆ, 2 ಅಂಕಿ ಮತ್ತು ದೊಡ್ಡ ಜೆ ಅಕ್ಷರ. 1978ರಲ್ಲಿ ಬಂದ ವಿ.ಟಿ.-100 ಎಂಬ ಪರದೆ ಈ ಪದ್ಧತಿಯನ್ನು ಅನುಸರಿಸಿ ಜನಪ್ರಿಯವಾಯಿತು. ಆ ಪೆಟ್ಟಿಗೆಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅವುಗಳ ಸಂಕೇತ ಇಂದಿನ ಲಿನಕ್ಸ್ ಕಿಟಕಿಯಲ್ಲಿ ಹಾಗೆಯೇ ನಡೆಯುತ್ತದೆ.

ಆರು ಅಕ್ಷರಗಳ ಹುಟ್ಟು

ಹಾಗಾದರೆ ನಾವು ಕಲಿತ ಆ ಸಾಲು ಬಂದದ್ದೆಲ್ಲಿಂದ? 1981ರಲ್ಲಿ ಐ.ಬಿ.ಎಂ. ಕಂಪನಿ ಮೇಜಿನ ಮೇಲಿಡುವ ತನ್ನ ಪಿ.ಸಿ.ಯನ್ನು ಹೊರತಂದಿತು. ಇದರ ಪರದೆ ದೂರದ ತಂತಿಯ ತುದಿಯಲ್ಲಿರಲಿಲ್ಲ. ಯಂತ್ರದ ಒಳಗೇ ಸ್ಮೃತಿಯ ಒಂದು ಭಾಗ ಪರದೆಗೆ ಮೀಸಲಾಗಿತ್ತು. 80 ಗುಣಿಸು 25, ಅಂದರೆ 2000 ಮನೆಗಳು; ಮನೆಗೆ ಅಕ್ಷರಕ್ಕೊಂದು, ಬಣ್ಣಕ್ಕೊಂದು ಎಂದು ಎರಡು ಬೈಟು; ಒಟ್ಟು 4000 ಬೈಟು. ಅಲ್ಲಿ ಖಾಲಿ ಅಕ್ಷರ ತುಂಬಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಶುದ್ಧ. ಬೋರ್ಲೆಂಡ್ ಎಂಬ ಕಂಪನಿ 1983ರಲ್ಲಿ ತಂದ ಟರ್ಬೋ ಪ್ಯಾಸ್ಕಲ್‌ನಲ್ಲಿ ಈ ಕೆಲಸಕ್ಕೆ ಆ ಆರು ಅಕ್ಷರಗಳ ಆಜ್ಞೆಯಿತ್ತು. 1987ರಲ್ಲಿ ಮೊದಲು ಬಂದ ಅದರ ಟರ್ಬೋ ಸಿ ಕೂಡ ಬೆಳೆಯುತ್ತ ಅದನ್ನೇ ತನ್ನ ಭಂಡಾರಕ್ಕೆ ಸೇರಿಸಿಕೊಂಡಿತು. ಅರ್ಥಾತ್ ಅದು ಸಿ ಭಾಷೆಯ ಮಾತಲ್ಲ, ಒಂದು ಅಂಗಡಿಯ ಮಾತು. 1989ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಸಿ ಭಾಷೆಗೆ ಅಧಿಕೃತ ವ್ಯಾಕರಣ ಕಟ್ಟಿದಾಗ ಇದನ್ನು ಸೇರಿಸಲಿಲ್ಲ. ಉತ್ತರ ಹೋಗುವ ಕಡೆ ಪರದೆಯೇ ಇರುತ್ತದೆಂಬ ನೆಚ್ಚಿಗೆ ಭಾಷೆಗೆ ಇರಲಿಲ್ಲ.

ನಾವು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಕಾಲಕ್ಕೆ, ಅಂದರೆ ಹಳೆಯ ಶತಮಾನ ಮುಗಿದು ಹೊಸದು ಆರಂಭವಾಗುವ ಹೊತ್ತಿಗೆ, ಸಿ ಎಂದರೆ ಟರ್ಬೋ ಸಿ ಎಂದೇ ಎಲ್ಲರ ತಿಳಿವಳಿಕೆ. ಒಂದು ಯಂತ್ರಕ್ಕೆ ಮೂವರು ಹುಡುಗರು. ಆ ತಂತ್ರಾಂಶದಲ್ಲಿ ಒಂದು ವಿಶೇಷವಿತ್ತು: ಹಿಂದಿನವನ ಪ್ರೋಗ್ರಾಮಿನ ಉತ್ತರ ಪರದೆಯಲ್ಲಿ ಹಾಗೆಯೇ ಉಳಿದಿರುತ್ತಿತ್ತು. ಅವನ ಬಡ್ಡಿಲೆಕ್ಕದ ಕೆಳಗೆ ನಮ್ಮ ಅವಿಭಾಜ್ಯ ಸಂಖ್ಯೆಗಳು ಬಂದು ಕೂರುತ್ತಿದ್ದವು. ಯಾವುದು ಯಾರದೆಂದು ಪರೀಕ್ಷಕರಿಗೆ ತೋರಿಸುವುದು ಕಷ್ಟ. ಆದ್ದರಿಂದ ಗುರುಗಳು ಮೊದಲ ಸಾಲಿಗೇ ಪರದೆ ಒರೆಸಿಬಿಡಿ ಎಂದರು. ಆ ಸಲಹೆ ಆ ಕೋಣೆಗೆ, ಆ ಯಂತ್ರಕ್ಕೆ ಸರಿಯಾಗಿಯೇ ಇತ್ತು. ಅದನ್ನು ಭಾಷೆಯ ನಿಯಮವೆಂದು ತಿಳಿದು ಇಪ್ಪತ್ತು ವರ್ಷ ಕಟ್ಟಿಕೊಂಡು ಬಂದದ್ದು ನಮ್ಮ ತಪ್ಪು. ಪರಊರಿನಲ್ಲಿರುವ ನಮಗೆ ಇದು ತಿಳಿಯಬೇಕಿತ್ತು. ನಮ್ಮ ಮನೆಯ ಆಡುಮಾತನ್ನೇ ಇಡೀ ಕನ್ನಡವೆಂದು ತಿಳಿದು ಇಲ್ಲಿಗೆ ಬಂದಾಗ, ಸಂಘದಲ್ಲಿ ಮೈಸೂರಿನವರೂ ಮಂಗಳೂರಿನವರೂ ನಮ್ಮ ಮಾತಿಗೆ ಹುಬ್ಬೇರಿಸಿದ್ದನ್ನು ನಾವು ಮರೆತಿಲ್ಲ.

ಕಾಣುವುದು, ಇರುವುದು

ಒರೆಸುವುದೆಂದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂಬುದನ್ನು ನಮಗೆ ಕಲಿಸಿದ್ದು ಪುಸ್ತಕವಲ್ಲ, ನೌಕರಿ. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಚೇರಿಯಲ್ಲಿ ಡಾಸ್ ಕಾಲದ ತಂತ್ರಾಂಶವೊಂದು ಇನ್ನೂ ನಡೆಯುತ್ತಿತ್ತು. ನಿವೃತ್ತಿಗೆ ಹತ್ತಿರವಾಗಿದ್ದ ಬಂಗಾಳಿ ಹಿರಿಯರೊಬ್ಬರು, ನಾವೆಲ್ಲ 'ದಾದಾ' ಎನ್ನುತ್ತಿದ್ದವರು, ಎರಡು ದಿನ ಕುಳಿತು ಪಿಂಚಣಿದಾರರ ವಿವರ ತುಂಬಿದ್ದರು. ಕೊನೆಯ ಗುಂಡಿ ಒತ್ತಿದೊಡನೆ ಪರದೆಯೆಲ್ಲ ಕಪ್ಪು. "ಶೊಬ್ ಗೆಲೋ!", ಎಲ್ಲ ಹೋಯಿತು, ಎಂದು ಅವರು ಕುರ್ಚಿಯಲ್ಲಿ ಕುಸಿದುಬಿಟ್ಟರು. ಕೈ ನಡುಗುತ್ತಿತ್ತು. ಹೋಗಿರಲಿಲ್ಲ, ವಿವರಗಳೆಲ್ಲ ಡಿಸ್ಕಿನಲ್ಲಿ ಭದ್ರವಾಗಿದ್ದವು. ತಂತ್ರಾಂಶ ಮುಂದಿನ ಪುಟಕ್ಕಾಗಿ ಪರದೆ ಒರೆಸಿತ್ತು, ಅಷ್ಟೆ. ಅವರ ಮನಸ್ಸಿನಲ್ಲಿದ್ದುದು ಹಳೆಯ ಲೆಕ್ಕಯಂತ್ರದ ಸನ್ನೆ: ಕಾಣದಾದರೆ ಇಲ್ಲವಾದಂತೆ.

ಕೆಲವೇ ವಾರಗಳ ಮೇಲೆ ಇದಕ್ಕೆ ತದ್ವಿರುದ್ಧವಾದದ್ದು ನಮಗೇ ಸಂಭವಿಸಿತು. ಮಧ್ಯಾಹ್ನವೆಲ್ಲ ತುಂಬಿದ ಪಟ್ಟಿ ಪರದೆಯಲ್ಲಿ ಚೆನ್ನಾಗಿ ಹೊಳೆಯುತ್ತಿತ್ತು. ಡಿಸ್ಕಿಗೆ ಸೇರಿಸುವ ಮುನ್ನ ವಿದ್ಯುತ್ ಹೋಯಿತು. ದಾದಾ ನಕ್ಕು ನಮ್ಮ ಭುಜ ತಟ್ಟಿದರು. ಅಂದು ರಾತ್ರಿ ಎಂಟರವರೆಗೆ ಜೊತೆಗೆ ಕುಳಿತು ಕಾಗದ ಓದಿ ಹೇಳಿದವರೂ ಅವರೇ. ಅಂದಿನಿಂದ ನಮಗೆ ಒಂದು ವಿಷಯ ಸ್ಪಷ್ಟವಾಗಿದೆ: ಪರದೆ ಒಂದು ಕಿಟಕಿ, ಕಪಾಟಲ್ಲ. ಒರೆಸುವ ಆಜ್ಞೆಯಿಂದ ಪ್ರೋಗ್ರಾಮಿನೊಳಗಿನ ಅಂಕಿ ಬದಲಾಗದು, ಕಡತ ಅಳಿಯದು. ಇಂದಿನ ಕಿಟಕಿಗಳಲ್ಲಿ ಎಷ್ಟೋ ಬಾರಿ ಹಿಂದಕ್ಕೆ ಸರಿಸಿದರೆ ಒರೆಸಿದ್ದೂ ಮರಳಿ ಕಾಣುತ್ತದೆ. ಆದ್ದರಿಂದ ಗುಟ್ಟಿನ ವಿಷಯ ಬರೆದು ಪರದೆ ಒರೆಸಿದೆನೆಂದು ನಿಶ್ಚಿಂತೆಯಾಗಿ ಎದ್ದು ಹೋಗುವುದೂ ಸಲ್ಲದು.

ಹುಡುಗಿಗೆ ಕೊಟ್ಟ ಉತ್ತರ

ಮುಂದಿನ ಸಭೆಯಲ್ಲಿ ಆ ಹುಡುಗಿಗೆ ನಾವು ಕ್ಷಮೆ ಕೇಳಿ ಹೀಗೆ ಹೇಳಿದೆವು. ಒರೆಸಲೇಬೇಕಾದರೆ ನಾಲ್ಕು ದಾರಿಗಳಿವೆ. ಮೊದಲನೆಯದು, ಇಪ್ಪತ್ತೈದು ಮೂವತ್ತು ಖಾಲಿ ಸಾಲು ಅಚ್ಚು ಮಾಡಿ ಹಳೆಯದನ್ನು ಮೇಲಕ್ಕೆ ತಳ್ಳುವುದು. ಇದು ಒರಟು ಉಪಾಯ. ಬರೆಯುವ ಗುರುತು ತಳದಲ್ಲೇ ಉಳಿಯುತ್ತದೆ. ಎರಡನೆಯದು, ಕಾರ್ಯವ್ಯವಸ್ಥೆಗೇ ಹೇಳಿ ಒರೆಸಿಸುವುದು. ವಿಂಡೋಸ್‌ಗೆ ಸಿ-ಎಲ್-ಎಸ್ ಎನ್ನಬೇಕು, ಲಿನಕ್ಸ್‌ಗೆ 'ಕ್ಲಿಯರ್' ಎನ್ನಬೇಕು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಮೂರನೆಯದು, ಮೇಲೆ ಹೇಳಿದ 1979ರ ಸಮಾನ ಸಂಕೇತವನ್ನು ಪ್ರಿಂಟ್‌ಎಫ್ ಮೂಲಕ ಕಳುಹಿಸುವುದು. ಒರೆಸಿದ ಮೇಲೆ ಮೂಲೆಗೆ ಹೋಗುವ ಸಂಕೇತವನ್ನೂ ಸೇರಿಸಬೇಕು. ಒಮ್ಮೊಮ್ಮೆ ಸಂಕೇತ ಭಂಡಾರದಲ್ಲೇ ನಿಂತುಬಿಡುತ್ತದೆ. ಕೂಡಲೇ ಹೊರಡು ಎನ್ನುವ 'ಎಫ್‌ಫ್ಲಶ್' ಬರೆಯಬೇಕು. ವಿಂಡೋಸ್ ಕಿಟಕಿಯೂ 2016ರ ಹೊತ್ತಿಗೆ ಈ ಸಂಕೇತವನ್ನು ಕಲಿತಿದೆ, ಆದರೆ ಕೆಲವು ಕಡೆ ಅದನ್ನು ಮೊದಲು ಚಾಲನೆಗೊಳಿಸಬೇಕಾಗುತ್ತದೆ. ನಾಲ್ಕನೆಯದು, ಇಡೀ ಪರದೆಯನ್ನು ಆಳುವ ದೊಡ್ಡ ಪ್ರೋಗ್ರಾಮಿಗಾದರೆ 'ಕರ್ಸಸ್' ಎಂಬ ಭಂಡಾರ. ಅದು ಬರ್ಕ್‌ಲಿಯ ಆ ನಿಘಂಟಿನ ಮೇಲೆಯೇ ಬೆಳೆದದ್ದು.

ಇಷ್ಟು ಹೇಳಿ, ಐದನೆಯ ಮಾತೊಂದನ್ನು ಸೇರಿಸಿದೆವು: ಸಾಧಾರಣ ಪ್ರೋಗ್ರಾಮಿನಲ್ಲಿ ಒರೆಸಲೇಬೇಡ. ನಿನ್ನ ಉತ್ತರ ಪರದೆಗೇ ಹೋಗುತ್ತದೆಂದು ಏನು ಗ್ಯಾರಂಟಿ? ಯಾರಾದರೂ ಅದನ್ನು ಕಡತಕ್ಕೆ ತಿರುಗಿಸಿದರೆ ಒರೆಸುವ ಸಂಕೇತವೂ ಉತ್ತರದ ನೆತ್ತಿಯ ಮೇಲೆ ಹೋಗಿ ಕೂರುತ್ತದೆ. ತೆರೆದು ನೋಡಿದವನಿಗೆ ಆವರಣ, 2, ಜೆ ಎಂಬ ಅರ್ಥವಿಲ್ಲದ ಗುರುತು ಕಾಣುತ್ತದೆ. ಅಲ್ಲದೆ ಪರದೆಯಲ್ಲಿ ಮೊದಲೇ ಇದ್ದುದು ನಿನ್ನದಲ್ಲ. ಅದನ್ನು ಬರೆದವನಿಗೆ ಅದು ಇನ್ನೂ ಬೇಕಾಗಿರಬಹುದು.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಅಂದರ ಕಾಕಾ, ನೀವು ಕಲಿಸಿದ್ದನ್ನ ಒರೆಸಿದರ ಪ್ರೋಗ್ರಾಮು ಸರಿ ಆಗ್ತದ," ಎಂದಳು. ಅವಳ ತಂದೆ ಗದರಿಸಲು ಬಾಯಿ ತೆರೆದರು, ನಾವೇ ತಡೆದೆವು. ಆ ಸಾಲನ್ನೂ, ಅದಕ್ಕಾಗಿ ಮೇಲೆ ಸೇರಿಸಿದ್ದ ಇನ್ನೊಂದು ಸಾಲನ್ನೂ ಹೊಡೆದುಹಾಕಿದ ಮೇಲೆ ಪ್ರೋಗ್ರಾಮು ಒಮ್ಮೆಗೇ ನಡೆಯಿತಂತೆ. ಮೊನ್ನೆ ಅವಳೇ ಫೋನು ಮಾಡಿ ತಿಳಿಸಿದಳು. ಮುಂದಿನ ಪಾಠಕ್ಕೆ ಯಾವಾಗ ಬರಲಿ ಎಂದೂ ಕೇಳಿದ್ದಾಳೆ. ಈ ಬಾರಿ ನಾವು ಮೊದಲು ಓದಿಕೊಂಡು ಕೂರುವುದೆಂದು ನಿಶ್ಚಯಿಸಿದ್ದೇವೆ.